ಅರ್ಧ ಟ್ಯಾಂಕು

ಲಕ್ಷ್ಮಪ್ಪನ ಹಳೆಯ ಪಿಕಪ್ ಗಾಡಿ ಬೆಳಗಾವಿ ಕೋಟೆಯ ಹತ್ತಿರದ ಗ್ಯಾರೇಜಿಗೆ ಬಂದದ್ದು ಅದು ನಾಲ್ಕನೇ ಸಲ. ಖಾನಾಪುರದಿಂದ ಗೆಣಸು ಹೇರಿಕೊಂಡು ಬರುವಾಗ ಒಮ್ಮೊಮ್ಮೆ ಎಂಜಿನ್ ಮುಗ್ಗರಿಸುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ ಎಂಬುದು ಅವನ ದೂರು. ಮೂರು ಸಲವೂ ಮೆಕ್ಯಾನಿಕ್ ಹುಸೇನಪೀರ ಫಿಲ್ಟರ್ ನೋಡಿ, ಕೋಟೆಯ ಸುತ್ತ ಗಾಡಿ ಓಡಿಸಿದ್ದ. ಎಂಜಿನ್ ಒಮ್ಮೆಯೂ ಮುಗ್ಗರಿಸಿರಲಿಲ್ಲ. "ಏನೂ ಆಗಿಲ್ಲ ಲಕ್ಷ್ಮಪ್ಪಣ್ಣ, ನಿನಗ ಹಂಗ ಅನಸತೈತಿ," ಎಂದು ನಕ್ಕು ಕಳಿಸಿದ್ದ.

ಈ ಸಲ ಲಕ್ಷ್ಮಪ್ಪ ಗಡ್ಡ ಬಿಟ್ಟಿದ್ದ. "ಗಾಡಿ ಮಾರಬೇಕಂತ ಮಾಡೇನಿ. ತಗೊಳ್ಳಾವಗ ಮೋಸ ಆಗಬಾರದು. ಸರಿ ಮಾಡಿಕೊಡು," ಎಂದ.

"ಯಾಕ, ಏನಾತು?"

"ನಮ್ಮಾಕಿ ಹೋದ್ಲು. ಹದಿನೈದು ದಿನ ಆತು."

ಹುಸೇನಪೀರ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಲಕ್ಷ್ಮಪ್ಪನ ಹೆಂಡತಿ ಭೀಮಕ್ಕನಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

"ಮುಂಜಾನೆ ಎದಿನೋವು ಅಂದ್ಲು. ಖಾನಾಪುರದಾಗ ನೋಡಿ, ಬೆಳಗಾವಿ ನೆಹರು ನಗರದ ದೊಡ್ಡ ದವಾಖಾನಿಗೆ ಒಯ್ರಿ ಅಂದ್ರು. ಆಂಬುಲೆನ್ಸ್ ಬರೂದು ತಡ ಅಂತ ಇದರಾಗ ಹೊಂಟ್ವಿ. ಏರಿನ್ಯಾಗ ಮುಗ್ಗರಿಸಿ ನಿಂತೇ ಬಿಡ್ತು. ಬ್ಯಾರೆ ಗಾಡಿ ಸಿಗೂದರಾಗ ಅರ್ಧ ತಾಸು ಹೋತು."

ಹುಸೇನಪೀರ ಗಾಡಿಯ ಟ್ಯಾಂಕಿನ ಕಡೆ ನೋಡಿದ. "ಅವತ್ತು ಡೀಸೆಲ್ ಎಷ್ಟಿತ್ತು?" ಎಂದ.

"ಅರ್ಧಕ್ಕಿಂತ ಕಮ್ಮಿ."

"ನನ್ನ ಕಡೆ ಬರೂಮುಂದ?"

"ಬಾಜೂಕ ಪಂಪ್ ಐತೆಲಾ, ಫುಲ್ ಮಾಡಿಸೇ ಬರತಿದ್ದೆ."

ಮೂರು ಸಲದಲ್ಲಿ ಒಮ್ಮೆಯೂ ಹುಸೇನಪೀರ ಇದನ್ನು ಕೇಳಿರಲಿಲ್ಲ.

ಟ್ಯಾಂಕ್ ಇಳಿಸಿ, ಡೀಸೆಲ್ ಎಳೆಯುವ ಪೈಪನ್ನು ಹೊರತೆಗೆದ. ನಡುಮಧ್ಯದಲ್ಲಿ ತುಕ್ಕು ಹಿಡಿದು ಸಾಸಿವೆ ಕಾಳಿನಷ್ಟು ತೂತು ಬಿದ್ದಿತ್ತು. ಟ್ಯಾಂಕ್ ತುಂಬಿದ್ದಾಗ ತೂತು ಡೀಸೆಲಿನಲ್ಲಿ ಮುಳುಗಿರುತ್ತಿತ್ತು. ಅರ್ಧಕ್ಕಿಳಿದರೆ ಪೈಪು ಅಲ್ಲಿಂದ ಗಾಳಿ ಎಳೆದು ಎಂಜಿನ್ನನ್ನು ಉಪವಾಸ ಕೆಡವುತ್ತಿತ್ತು.

ಏನೋ ಕಸ ಸಿಕ್ಕಿತ್ತು ಎಂದಿದ್ದರೆ ಲಕ್ಷ್ಮಪ್ಪ ನಂಬುತ್ತಿದ್ದ. ಇಪ್ಪತ್ತು ವರ್ಷ ನಂಬಿದವನು. ಹುಸೇನಪೀರ ಪೈಪನ್ನು ಒರೆಸಿ ಅವನ ಕೈಗೇ ಕೊಟ್ಟ.

"ತಪ್ಪು ನಂದು. ಒಂದು ದಿನ ನಿನ್ನ ಬಾಜೂಕ ಕುಂತು ಖಾನಾಪುರತನ ಬಂದಿದ್ರ ಇದು ಸಿಗತಿತ್ತು."

ಲಕ್ಷ್ಮಪ್ಪ ಆ ತೂತನ್ನು ಬೆರಳಿಂದ ಸವರಿದ. "ಲಗೂ ಮುಟ್ಟಿದ್ರ ಆಕಿ ಉಳೀತಿದ್ಲೇನು?"

"ಗೊತ್ತಿಲ್ಲ."

ಹೊಸ ಪೈಪು ಕೂಡಿಸಿ, ಅರ್ಧಕ್ಕಿಂತ ಕಡಿಮೆ ಡೀಸೆಲ್ ಹಾಕಿ ಇಬ್ಬರೂ ಖಾನಾಪುರದ ದಾರಿ ಹಿಡಿದರು. ಅದೇ ಏರನ್ನು ಇಳಿದು, ತಿರುಗಿಸಿ ಹತ್ತಿಸಿದಾಗ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಮೇಲೆ ಬಂದೊಡನೆ ಲಕ್ಷ್ಮಪ್ಪ ಗಾಡಿಯನ್ನು ಬದಿಗೆ ನಿಲ್ಲಿಸಿ ಸ್ಟೇರಿಂಗಿಗೆ ಹಣೆಯಿಟ್ಟ.

"ಬಂದ್ ಮಾಡು. ಇದರ ಸಪ್ಪಳ ಕೇಳಾಕ ಆಗವಲ್ದು."

ಹುಸೇನಪೀರ ಕೈ ಚಾಚಿ ಕೀಲಿ ತಿರುವಿದ. ಲಕ್ಷ್ಮಪ್ಪ ಅಳತೊಡಗಿದ. ಅವನ ಹೆಗಲ ಮೇಲೆ ಕೈಯಿಡಲು ತನಗೆ ಮುಖವಿಲ್ಲ ಎನ್ನಿಸಿ ಹುಸೇನಪೀರ ಕೈಯನ್ನು ಕೀಲಿಯ ಮೇಲೇ ಇಟ್ಟುಕೊಂಡ.

ಕೊನೆಗೆ ಲಕ್ಷ್ಮಪ್ಪನೇ ಕೆಳಗಿಳಿದು ಈ ಬದಿಗೆ ಬಂದು ಬಾಗಿಲು ತೆರೆದ. "ನೀನ ಹೊಡಿ. ಮನೀಗೆ ಹೋಗೂಣು. ಆಕೀ ಫೋಟೋದ ಮುಂದ ಒಂದೀಟು ಕುಂತು ಹೋಗು."

ಹುಸೇನಪೀರ ಸ್ಟೇರಿಂಗಿನ ಕಡೆಗೆ ಸರಿದ. ಕೀಲಿ ತಿರುವಿ ಗಾಡಿಯನ್ನು ಖಾನಾಪುರದ ಕಡೆಗೆ ತಿರುಗಿಸಿದ.