ಅಡೋಮಾಳ ಭಾಷಣಕ್ಕೆ ಬೇಕಾಗಿದ್ದ ಕುರುಡು

ನನ್ನ ಅಕ್ಕನ ಮಗಳು ಅಡೋಮಾ ಹೊಗೆಯಾಡದ ಮಣ್ಣಿನ ಒಲೆ ಕಟ್ಟುತ್ತಾಳೆ. ಕುಮಾಸಿ ನಗರದ ದೊಡ್ಡ ಸಭಾಂಗಣದಲ್ಲಿ ಭಾಷಣ ಮಾಡಲು ಅವಳಿಗೆ ಕರೆ ಬಂತು. ಅಲ್ಲಿ ಆಡಿದ ಮಾತನ್ನು ಇಂಟರ್ನೆಟ್ಟಿನಲ್ಲಿ ಲೋಕವೆಲ್ಲ ನೋಡುತ್ತದಂತೆ, ನೋಡಿದವರು ಒಲೆಗಳಿಗೆ ನೆರವಾಗುತ್ತಾರಂತೆ. ಅವಳ ಭಾಷಣ ತಿದ್ದಲು ಸಭೆ ನಡೆಸುವವರ ಕಡೆಯಿಂದ ಲ್ಯಾಂಪ್ಟಿ ಎಂಬವರು ರಾಜಧಾನಿ ಅಕ್ರಾದಿಂದ ಬಂದರು.

ಇಂಥ ಭಾಷಣಗಳನ್ನು ನಾನು ಫೋನಿನಲ್ಲಿ ಬಹಳ ಕೇಳಿದ್ದೇನೆ. ಒಬ್ಬರು ಬೆಳಕಿನೊಳಗೆ ಬಂದು ನಿಲ್ಲುತ್ತಾರೆ. ಮೊದಲು ತಮ್ಮ ಮನೆಯ ದುಃಖ, ಆಮೇಲೆ ಒಂದು ಮೌನ, ಅದರ ಹಿಂದೆಯೇ ಸಣ್ಣ ನಗೆ, ಕೊನೆಗೆ ಕೇಳಿದವರು ಮನೆಗೆ ಒಯ್ಯಲು ಒಂದು ಮಾತು. ಚರ್ಚಿನಲ್ಲಿ ಪ್ರಾರ್ಥನೆ ಹೇಳಿಸುತ್ತ ಮುದುಕನಾದವನು ನಾನು. ದೇವರ ಮುಂದೆ ಯಾರ ದುಃಖವೂ ಹೀಗೆ ಗಳಿಗೆ ನೋಡಿಕೊಂಡು ಬಂದದ್ದನ್ನು ಕಂಡಿಲ್ಲ. ಅದಕ್ಕೇ ನನಗೆ ಅನುಮಾನ.

ಸಂಜೆ ನಮ್ಮ ಅಂಗಳದಲ್ಲೇ ತಾಲೀಮು. ನೆರೆಯವರೂ ಸೇರಿದ್ದರು. ನನ್ನ ತಾಯಿ, ಅಂದರೆ ಅಡೋಮಾಳ ಅಜ್ಜಿ, ತಾಳೆಹಣ್ಣು ಬಿಡಿಸುತ್ತ ಕೂತಿದ್ದಳು. ಲ್ಯಾಂಪ್ಟಿಯವರು ಕಲಿಸಿದ್ದನ್ನು ಅಡೋಮಾ ಒಪ್ಪಿಸಿದಳು: "ಹೊಗೆ ನನ್ನ ಅಜ್ಜಿಯ ಕಣ್ಣು ತಿಂದಿತು. ಆಕೆ ನನ್ನ ಮುಖ ನೋಡಲಾರಳು..."

ತಾಯಿ ಚಪ್ಪಾಳೆ ತಟ್ಟಿ ಹಾಡು ಎತ್ತಿದಳು: "ನಿಲ್ಲೇ ಹೇಳುವವಳೇ, ನಾನೂ ಅಲ್ಲೇ ಇದ್ದೆನಲ್ಲೇ..." ನೆರೆಯವರು ದನಿಗೂಡಿಸಿದರು. ನಮ್ಮಲ್ಲಿ ಕಥೆ ದಾರಿ ತಪ್ಪಿದರೆ ಕೇಳುವವರು ಹೀಗೆ ಅಡ್ಡ ಹಾಡುತ್ತಾರೆ; ಹಾಡು ಮುಗಿಯುವ ತನಕ ಹೇಳುವವರು ಬಾಯಿ ತೆರೆಯುವಂತಿಲ್ಲ. ಅಡೋಮಾ ತಲೆ ತಗ್ಗಿಸಿದಳು.

ಲ್ಯಾಂಪ್ಟಿ ಮಾತ್ರ ಹಿಗ್ಗಿಹೋದರು. "ಆಹಾ, ಎಷ್ಟು ಮೆಚ್ಕೊಂಡು ಹಾಡ್ತಿದಾರೆ! ಅಜ್ಜೀನೂ ವೇದಿಕೆಗೆ ಕರ್ಕೊಂಡ್ಬನ್ನಿ. ಕೈ ಹಿಡಿದು ನಡೆಸ್ಕೊಂಡು."

"ಕೈ ಯಾಕಪ್ಪಾ ಹಿಡೀಬೇಕು?" ಎಂದಳು ತಾಯಿ. "ಅಂಗಿ ಗುಂಡಿ ತಪ್ಪಿ ಹಾಕ್ಕೊಂಡಿದೀಯ, ಇಲ್ಲಿಂದ್ಲೇ ಕಾಣ್ತದೆ."

ಅಂಗಳವೆಲ್ಲ ನಕ್ಕಿತು. ಲ್ಯಾಂಪ್ಟಿ ಗುಂಡಿ ಸರಿಮಾಡಿಕೊಳ್ಳುತ್ತ ಅಡೋಮಾಳ ಕಡೆ ತಿರುಗಿದರು. "ನೋಡಮ್ಮಾ, ಕಣ್ಣು ಅಂದ್ರೆ ಜನ ಕರಗ್ತಾರೆ. ಊರೂರಿಗೆ ನಿಮ್ಮ ಒಲೆ ಹೋಗ್ತದೆ. ಒಂದು ಸಣ್ಣ ಮಾತು, ಅಷ್ಟೆ."

"ಏನ್ ಮಾಡ್ಲಿ ಮಾವ?" ಎಂದು ಅವಳು ನನ್ನನ್ನು ಕೇಳಿದಳು.

"ಒಲೆ ನಿಂದು, ಬಾಯೂ ನಿಂದು. ಕಣ್ಣು ಮಾತ್ರ ನಿಮ್ಮಜ್ಜೀದು."

ಅವಳು ಅಜ್ಜಿಯ ಮುಖ ನೋಡಿ ಲ್ಯಾಂಪ್ಟಿಯವರ ಕಡೆ ತಿರುಗಿದಳು. "ಸರ್, ಅಜ್ಜಿಗೆ ಹೊಗೆಯಿಂದ ಬಂದಿದ್ದು ಕೆಮ್ಮು. ಅದನ್ನೇ ಹೇಳ್ತೀನಿ."

"ಕೆಮ್ಮಿಗೆ ಯಾರಮ್ಮಾ ಅಳ್ತಾರೆ?"

"ಅಳೋದು ಬೇಡ. ಒಲೆ ಕಟ್ಟಿದ್ರೆ ಸಾಕು."

ಲ್ಯಾಂಪ್ಟಿ ಇದ್ದಕ್ಕಿದ್ದಂತೆ ಮೆತ್ತಗಾದರು. ಆ ಮೆದುತನವೂ ನನಗೆ ಸರಿಬರಲಿಲ್ಲ. ಫೋನು ತೆಗೆದು ತಾಯಿಯ ಬಾಯಿಯ ಹತ್ತಿರ ಹಿಡಿದರು. "ಸರಿ, ಕೆಮ್ಮೇ ಇರ್ಲಿ. ಅಜ್ಜೀ, ಒಂದ್ಸಲ ಜೋರಾಗಿ ಕೆಮ್ಮಿ. ವೇದಿಕೆ ಕತ್ತಲೆ ಮಾಡಿ ಅದರಿಂದ್ಲೇ ಶುರು ಮಾಡೋಣ."

ಅಡೋಮಾ ಫೋನಿನ ಮೇಲೆ ಅಂಗೈ ಇಟ್ಟಳು. "ಅದೂ ಬೇಡ ಸರ್."

"ಹಾಗಾದ್ರೆ ನಿಮ್ಮ ಜಾಗ ಬೇರೆಯವರಿಗೆ ಹೋಗ್ತದೆ."

"ಹೋಗ್ಲಿ."

ತಾಯಿ ತುಟಿ ಬಿಗಿಹಿಡಿದು, ಎದೆ ಒತ್ತಿಕೊಂಡು ಕೂತಿದ್ದಳು. ಲ್ಯಾಂಪ್ಟಿಯವರ ಕಾರು ತಿರುವು ದಾಟಿದ ಮೇಲೆಯೇ ಅವಳು ಕೆಮ್ಮಿದ್ದು; ಬಾಗಿ, ಬಹಳ ಹೊತ್ತು. ಅಡೋಮಾ ಪಕ್ಕದಲ್ಲಿ ಕೂತು ಬೆನ್ನು ನೀವಿದಳು.