ಕ್ಲರ್ಕನ ಸರದಿ

ಮೋನಮ್ಮ ಟ್ರಂಕನ್ನು ತಲೆಕೆಳಗು ಮಾಡಿ ಒಂಬತ್ತು ನೋಟ್‌ಬುಕ್ಕುಗಳನ್ನು ನಬಿಸಾಬನ ಮುಂದೆ ಚಾಪೆಯ ಮೇಲೆ ಸುರಿದಳು. ಹೊರಗೆ ಪಡಸಾಲೆಯಲ್ಲಿ ಅವಳ ಗಂಡ ಈಶಪ್ಪನ ಹೆಣ ಮಲಗಿಸಿದ್ದರು. ವಡಗೇರಾದಿಂದ ಬಂದ ಭಜನೆಯವರು ತಾಳ ಕುಟ್ಟುತ್ತಿದ್ದರು.

"ಅಣ್ಣಾ, ನನಗ ಓದಾಕ ಬರಂಗಿಲ್ಲ. ಇದರಾಗ ಯಾವುದು ಚಲೋದದ ನೋಡಿ ಒಂದು ತಗದು ಕೊಡ್ರಿ. ಎಲಿ-ಅಡಕಿ ಜೋಡಿ ಅವರ ಎದಿ ಮ್ಯಾಲ ಇಡತೀನಿ. ಉಳದದ್ದು ಮನ್ಯಾಗ ಇರಲಿ."

ಸತ್ತವರಿಗೆ ಇಷ್ಟವಾಗಿದ್ದನ್ನು ಕುಣಿಯಲ್ಲಿ ಜೊತೆಗಿಡುವುದು ಅವರ ಮನೆತನದ ಪದ್ಧತಿ. ಈಶಪ್ಪನ ಅಪ್ಪನಿಗೆ ಚಿಲುಮೆ ಇಟ್ಟಿದ್ದರು, ಅವ್ವನಿಗೆ ಎಲೆಸಂಚಿ. ಈಶಪ್ಪನಿಗೋ, ಒಂದೊಂದರಲ್ಲಿ ಒಂದೊಂದು ಕತೆಯ ಆಟ ಬರೆದಿಟ್ಟಿದ್ದ ಈ ನೋಟ್‌ಬುಕ್ಕು ಬಿಟ್ಟರೆ ಬೇರೆ ಚಟವೇ ಇರಲಿಲ್ಲ.

ನಬಿಸಾಬ ಕೈ ಚಾಚಲಿಲ್ಲ. ಕಾಲುವೆ ಆಫೀಸಿನ ಕ್ಲರ್ಕನಾಗಿ ರಿಟೈರಾದವನು. ಈ ಮನೆಯ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು. ಇವತ್ತೂ ಬರದಿದ್ದರೆ ಇನ್ನು ಯಾವತ್ತು ಎಂದುಕೊಂಡೇ ಬಂದಿದ್ದ.

"ಅದರಾಗ ಕೇಳೂದೇನದ?" ಎಂದ ಕಾಲುವೆ ಗ್ಯಾಂಗ್‌ಮನ್ ಹುಲಗಪ್ಪ. "ಬೋನಾಳ ಕೆರಿ ಆಟ ಇಡ್ರಿ. ಕೆರಿ ನಡುವ ನಡುಗಡ್ಡಿ, ಅದರ ಮ್ಯಾಲ ಬಸ್ಸಿನಷ್ಟು ದೊಡ್ಡ ಹಕ್ಕಿ. ಮೂರು ರವಿವಾರ ಆಡಿದ್ವಿ. ನಾ ಆ ಹಕ್ಕಿ ಬೆನ್ನ ಮ್ಯಾಲ ಕುಂತು ಸುರಪುರ ಗುಡ್ಡ ದಾಟೀನಿ."

"ದಾಟಿಲ್ಲ, ಬಿದ್ದಿದ್ದಿ," ಎಂದಳು ಬಾಲವಾಡಿಯ ದೇವಕ್ಕ. "ಹಗ್ಗ ಒಗದು ಎಳಕೊಂಡಾಕಿ ನಾ. ಇಲ್ಲಂದ್ರ ಅಲ್ಲೇ ಮುಗೀತಿತ್ತು ನಿಂದು."

"ಅದು ಹೋಗ್ಲಿ," ಎಂದ ಹುಲಗಪ್ಪ. "ಆ ಐದನೇ ಬುಕ್ಕ ಮಾತ್ರ ಇಡಬ್ಯಾಡ್ರಿ. ಅದು ಆಟ ಅಲ್ಲೇ ಅಲ್ಲ, ಆಟಕ್ಕ ಜೋಡಿಸಿದ ಕಾನೂನು. ಗುಡ್ಡ ಹತ್ತಾಕ ಎಷ್ಟು ರೊಟ್ಟಿ, ಬಾವಿ ಇಳಿಯಾಕ ಎಷ್ಟು ರೊಟ್ಟಿ. ರಾಕ್ಷಸ ಬರೂದ್ರಾಗ ಹಸಿವಿಲೇ ಸತ್ತಿದ್ವಿ ನಾವು."

ದೇವಕ್ಕನಿಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡವಳಿಗೆ ಅದರ ಹಿಂದೆಯೇ ಅಳುವೂ ಬಂತು.

ಬಾಗಿಲಲ್ಲಿ ಕೂತಿದ್ದ ದೂರದ ನೆಂಟ ಬಸವಂತ್ರಾಯ ಮೆಲ್ಲಗೆ ಕೇಳಿದ, "ಬಂದೋರೆಲ್ಲಾ ಮಾಸ್ತರ, ಮಾಸ್ತರ ಅನ್ನಾಕತ್ತಾರ. ಯಾವ ಸಾಲ್ಯಾಗ ಮಾಸ್ತರಿದ್ದ ಇಂವ? ಕಾಲುವಿ ಗೇಟ್ ನೋಡತಿದ್ದ ಅಂತ ಕೇಳಿದ್ದೆ."

"ಗೇಟೇ ನೋಡತಿದ್ದ ರೀ," ಎಂದ ಹುಲಗಪ್ಪ. "ಮಾಸ್ತರ ಆಗಿದ್ದು ಆಟಕ್ಕ."

* * *

ಕಾಲುವೆಯನ್ನು ಮುಂದಕ್ಕೆ ತೋಡುತ್ತಿದ್ದ ವರ್ಷಗಳಲ್ಲಿ ಶಹಾಪುರದ ಕ್ಯಾಂಪಿನಲ್ಲಿದ್ದ ಎಂಜಿನಿಯರೊಬ್ಬ ವರ್ಗವಾಗಿ ಹೋಗುವಾಗ ಕ್ವಾರ್ಟರ್ಸಿನಲ್ಲಿ ಒಂದು ಹರಿದ ಇಂಗ್ಲಿಷ್ ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ ಬಿಟ್ಟುಹೋದ. ಏಳನೇ ಇಯತ್ತೆ ಓದಿದ್ದ ಈಶಪ್ಪ ಡಿಕ್ಷನರಿ ಹಿಡಿದು ಎರಡು ಬೇಸಿಗೆ ಅದರ ಜೊತೆ ಗುದ್ದಾಡಿದ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಗೇಟಿನವನಿಗೆ ಏನು ಕೆಲಸ?

ಅದು ಕತೆಯ ಆಟ. ಒಬ್ಬ ಕತೆ ಹೇಳಬೇಕು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯಬೇಕು. ಗೆದ್ದರೋ ಸತ್ತರೋ ದಾಳ ಹೇಳುತ್ತದೆ. ಕತೆ ಹೇಳುವವನನ್ನು ಪುಸ್ತಕ ಮಾಸ್ಟರ್ ಎಂದು ಕರೆದಿತ್ತು. ಹಾಗೆ ಈಶಪ್ಪ ಮಾಸ್ತರನಾದ. ಹುಲಗಪ್ಪ ಕತ್ತಿ ಹಿಡಿದ ವೀರ, ದೇವಕ್ಕ ಯಾವ ಕೀಲಿಯನ್ನೂ ತೆಗೆಯಬಲ್ಲ ಕಳ್ಳಿ.

ಗಾಯ ಮಾಯಿಸುವ, ಸತ್ತವರನ್ನು ಎಬ್ಬಿಸುವ ಇನ್ನೊಂದು ಪಾತ್ರವಿತ್ತು. ಅದರ ಹೆಸರನ್ನು ಈಶಪ್ಪ ಕ್ಲರ್ಕ್ ಎಂದು ಓದಿದ. ಯಾರಿಗೂ ಅನುಮಾನ ಬರಲಿಲ್ಲ. ಕ್ಯಾಂಪಿನಲ್ಲಿ ಕ್ಲರ್ಕ್ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯದಿದ್ದರೆ ದಿನವಿಡೀ ಗುದ್ದಲಿ ಹಿಡಿದವನೂ ಅವತ್ತು ಇರಲೇ ಇಲ್ಲ ಎಂದು ಲೆಕ್ಕ. ಹಾಗಿದ್ದ ಮೇಲೆ ಎಬ್ಬಿಸುವವನು ಇನ್ನಾರು? ನಿಯಮವನ್ನು ಈಶಪ್ಪನೇ ಬರೆದ. ಸತ್ತವನಿಗಾಗಿ ಕ್ಲರ್ಕ್ ದಾಳ ಎಸೆಯಬೇಕು. ಹತ್ತರ ಮೇಲೆ ಬಿದ್ದರೆ ಹಾಜರಿಯಲ್ಲಿ ಅವನ ಹೆಸರು ಬರೆಯಬೇಕು. ಬರೆದರೆ ಏಳುತ್ತಾನೆ. ಆಫೀಸಿನ ಕ್ಲರ್ಕ್ ನಬಿಸಾಬನಿಗೇ ಆ ಪಾತ್ರ ಸಿಕ್ಕಿತು.

ಎಷ್ಟೋ ವರ್ಷದ ಮೇಲೆ ಹೊಸ ಎಂಜಿನಿಯರೊಬ್ಬ ಪುಸ್ತಕ ನೋಡಿ, ಅದು ಕ್ಲರ್ಕ್ ಅಲ್ಲ, ಕ್ಲೆರಿಕ್, ಅಂದರೆ ಪೂಜಾರಿ ಎಂದು ನಕ್ಕ. "ಪೂಜಾರಿ ಬರದ್ರ ಯಾರು ಏಳತಾರ್ರಿ ಸಾಹೇಬ್ರ?" ಎಂದ ಈಶಪ್ಪ. ತಿದ್ದಲಿಲ್ಲ.

* * *

ನಬಿಸಾಬ ಒಂಬತ್ತನೆಯ ನೋಟ್‌ಬುಕ್ಕಿನ ಮೇಲೆ ಕೈ ಇಟ್ಟ.

"ಅದು ಬ್ಯಾಡ ಸಾಬಣ್ಣ," ಎಂದಳು ದೇವಕ್ಕ. "ಎಲ್ಲಾದ್ರಾಗ ಕೆಟ್ಟ ಆಟ ಅದು. ಮುಗೀಲೇ ಇಲ್ಲ."

"ನನ್ನಿಂದ ಮುಗೀಲಿಲ್ಲ," ಎಂದ ನಬಿಸಾಬ.

* * *

ಈಶಪ್ಪನ ಒಬ್ಬಳೇ ಮಗಳು ಲಾಲಮ್ಮ ಒಂಬತ್ತು ವರ್ಷಕ್ಕೇ ಜ್ವರದಲ್ಲಿ ಹೋದಳು. ಆಮೇಲೆ ಗಂಡ-ಹೆಂಡಿರ ಎದುರಿಗೆ ಯಾರೂ ಅವಳ ಹೆಸರು ಎತ್ತಲಿಲ್ಲ. ಎತ್ತಿದರೆ ನೋವಾದೀತು ಎಂದು ಎಲ್ಲರೂ ಬಾಯಿ ಕಟ್ಟಿಕೊಂಡರು.

ಮುಂದಿನ ಬೇಸಿಗೆ ಈಶಪ್ಪ ತಾನಾಗಿಯೇ ಆಟಕ್ಕೆ ಕರೆದ. ನೀರಿಲ್ಲದ ಕಾಲುವೆಯೊಳಗೆ ಮೂವರೂ ನಡೆದು ಹೋಗಬೇಕು. ಗೇಟಿನ ಕೆಳಗೊಂದು ಕೋಣೆ. ಕೋಣೆಯಲ್ಲಿ ಒಂದು ಹುಡುಗಿ ಮಲಗಿದ್ದಾಳೆ. ಅಷ್ಟೇ. ಹುಲಗಪ್ಪನಿಗೆ ಹೊಡೆಯಲು ರಾಕ್ಷಸರಿರಲಿಲ್ಲ, ದೇವಕ್ಕನಿಗೆ ತೆಗೆಯಲು ಕೀಲಿ ಇರಲಿಲ್ಲ. ಕ್ಲರ್ಕನ ಸರದಿ ಬಂತು. ನಬಿಸಾಬ ದಾಳ ಎಸೆದ. ಹದಿನೇಳು.

"ಹೆಸರು ಬರಿ," ಎಂದ ಈಶಪ್ಪ, ನೋಟ್‌ಬುಕ್ಕನ್ನು ಅವನತ್ತ ತಳ್ಳಿ.

"ಯಾರದು?"

"ಆಕೀದು. ನಿನಗ ಗೊತ್ತದಲ್ಲ."

ಗೊತ್ತಿತ್ತು. ಒಳಬಾಗಿಲ ಹಿಂದೆ ಮೋನಮ್ಮನ ಬಳೆಯ ಸದ್ದು ಕೇಳಿತು. ಆ ತಾಯಿ ನೋಡುತ್ತಿರುವಾಗ ಸತ್ತ ಮಗಳ ಹೆಸರು ಬರೆಯಲು ನಬಿಸಾಬನಿಗೆ ಧೈರ್ಯವಾಗಲಿಲ್ಲ. ಹೆದರಿದವನು ಸಿಟ್ಟಾದ.

"ಇದು ಆಟ ಅಲ್ಲ ಈಶಪ್ಪ. ಹುಚ್ಚು," ಎಂದು ಎದ್ದು ಹೋದ.

ಮರುದಿನ ನಾಚಿಕೆಯಾಯಿತು. ನಾಳೆ ಹೋಗಿ ಬರೆದರಾಯಿತು ಎಂದುಕೊಂಡ. ನಾಳೆಗೆ ನಾಚಿಕೆ ಇನ್ನೂ ಹೆಚ್ಚಾಗಿತ್ತು. ಹೀಗೇ ವರ್ಷಗಳು ಉರುಳಿದವು. ಆಫೀಸಿನಲ್ಲಿ ಎದುರಾದರೆ ಇಬ್ಬರದೂ ಒಂದು ನಮಸ್ಕಾರ, ಅಷ್ಟೇ.

* * *

ಆಟ ನಿಂತ ಪುಟ ನಬಿಸಾಬನಿಗೆ ಸಿಕ್ಕಿತು. "ಕ್ಲರ್ಕ್ ಎದ್ದು ಹೋದ. ಸರದಿ ಇನ್ನೂ ಅವನದೇ." ಅದರ ಕೆಳಗೆ "ಹೆಸರು" ಎಂದು ಬರೆದು ಈಶಪ್ಪ ಒಂದು ಸಾಲು ಖಾಲಿ ಬಿಟ್ಟಿದ್ದ. ಅದಕ್ಕೂ ಕೆಳಗೆ ಪ್ರತಿ ಬೇಸಿಗೆ ಕಾಲುವೆ ಬಂದ್ ಆದ ದಿನದ ತಾರೀಖು, ಪಕ್ಕದಲ್ಲಿ "ಕ್ಲರ್ಕ್ ಬರಲಿಲ್ಲ." ಹನ್ನೊಂದು ತಾರೀಖುಗಳಿದ್ದವು. ಕೊನೆಯದು ಹೋದ ತಿಂಗಳಿನದು.

ನಬಿಸಾಬ ಮುಖ ಮುಚ್ಚಿಕೊಂಡು ಅತ್ತ. ಬಾಗಿಲಲ್ಲಿ ಕೂತವರು ತಲೆ ತಗ್ಗಿಸಿದರು.

"ಏನದ ಅದರಾಗ?" ಎಂದಳು ಮೋನಮ್ಮ.

ಅವನು ಒಂದಕ್ಷರ ಬಿಡದೆ ಓದಿ ಹೇಳಿದ. ಬಳಿಕ, "ನಿನಗ ನೋವಾಗತದಂತ ಬರೀಲಿಲ್ಲ ತಂಗೆವ್ವ," ಎಂದ.

ಮೋನಮ್ಮ ಬಗ್ಗಿ ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟಳು.

"ಅವತ್ತ ಬಾಗಲ ಹಿಂದ ನಿಂತು, ಬರೀಲಿ ಅಂತ ನಾನೂ ಕಾದಿದ್ದೆ ಅಣ್ಣಾ. ಹನ್ನೆರಡು ವರ್ಷ ಆತು, ನನ್ನ ಮಗಳ ಹೆಸರು ಒಬ್ಬರೂ ಕರದಿಲ್ಲ. ಇಬ್ಬರ ಬಾಯಾಗ ಒಂದು ಹೆಸರು ಎಷ್ಟ ದಿನ ಉಳೀತದ? ಇನ್ನ ನಾ ಒಬ್ಬಾಕಿ."

ಹುಲಗಪ್ಪ ಉಳಿದ ನೋಟ್‌ಬುಕ್ಕುಗಳನ್ನು ಟ್ರಂಕಿಗೆ ತುಂಬುತ್ತಾ, "ಬೋನಾಳ ಆಟ ಮನ್ಯಾಗ ಇರಲಿ. ಮಾಸ್ತರನ ಜೋಡಿ ಇದು ಹೋಗಲಿ," ಎಂದ.

* * *

ಹೆಣ ಕುಣಿಗೆ ಇಳಿಸಿದರು. ಎಲೆ-ಅಡಿಕೆ ಇಟ್ಟಿದ್ದಾಯಿತು. ಮಣ್ಣೆಳೆಯಲು ನಾಲ್ವರು ಸಲಿಕೆ ಎತ್ತಿದಾಗ ನಬಿಸಾಬ, "ಜರಾ ತಡೀರಿ," ಎಂದು ಮಣ್ಣಿನ ಗುಡ್ಡೆಯ ಮೇಲೆ ಕೂತು ನೋಟ್‌ಬುಕ್ಕನ್ನು ಮೊಣಕಾಲ ಮೇಲೆ ಬಿಡಿಸಿದ. ಜೇಬಿನಿಂದ ಶಾಯಿ ಪೆನ್ನು ತೆಗೆದ.

"ಏನ್ ಬರ್ಯಾಕತ್ತಾರ?" ಎಂದ ಬಸವಂತ್ರಾಯ.

"ಹಾಜರಿ ರೀ," ಎಂದಳು ದೇವಕ್ಕ.

ಅಕ್ಷರ ಆಫೀಸಿನ ಅಕ್ಷರವೇ, ದುಂಡಗೆ ಬಿತ್ತು. ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ.

"ಲಾಲಮ್ಮ. ತಂದೆ ಈಶಪ್ಪ, ತಾಯಿ ಮೋನಮ್ಮ. ಹಾಜರ್."

"ಲಾಲಮ್ಮ," ಎಂದಳು ಮೋನಮ್ಮ. ಹುಲಗಪ್ಪನೂ ಅಂದ, ದೇವಕ್ಕನೂ ಅಂದಳು. ಆ ಹುಡುಗಿಯನ್ನು ಕಣ್ಣಲ್ಲೂ ಕಾಣದ ಭಜನೆಯವರೂ ಮೆಲ್ಲಗೆ ಆ ಹೆಸರು ಅಂದರು.

ಹೆಣ ಇಳಿಸಿಕೊಂಡು ಇನ್ನೂ ಕುಣಿಯೊಳಗೇ ನಿಂತಿದ್ದ ಆಳು ನೋಟ್‌ಬುಕ್ಕಿಗೆ ಕೈ ಚಾಚಿದ. ನಬಿಸಾಬ ಕೊಡಲಿಲ್ಲ. ಈಗಲೇ ಮುಚ್ಚಿದರೆ ಹೆಸರು ಕದಡುತ್ತದೆ ಎಂದು ಎರಡೂ ಕೈಯಲ್ಲಿ ಪುಟ ಬಿಡಿಸಿ ಹಿಡಿದು ಮೆಲ್ಲಗೆ ಊದುತ್ತಾ ಕೂತ. ಶಾಯಿ ಆರುವ ತನಕ ನಾಲ್ವರೂ ಸಲಿಕೆಯನ್ನು ನೆಲಕ್ಕೂರಿ ನಿಂತಿದ್ದರು.