ತವರಿನಿಂದ ಬಂದ ಮಳೆ

ಮೋಡಕ್ಕೆ ತೋಪು ಹೊಡೆದು ಮಳೆ ಸುರಿಸುವ ವಿದ್ಯೆ ಸಾಯ್‌ಶ್ಯಾಗೆ ಬಂದದ್ದು ಅಪ್ಪ ಗೌನಿಂದ. ಕಣಿವೆಯ ಪಡುವಣ ದಂಡೆಯಲ್ಲಿ ಅಪ್ಪನ ತೋಪು. ಮೂಡಣ ದಂಡೆಯಲ್ಲಿ, ಗಂಡನ ಊರಿನಲ್ಲಿ, ಇವಳದು. ಗಾಳಿ ಮಾತ್ರ ಯಾವಾಗಲೂ ಪಡುವಣದ್ದೇ. ಬಂದ ಮೋಡವನ್ನೆಲ್ಲ ಮುದುಕ ಮೊದಲೇ ಹಿಂಡಿಕೊಂಡು ಹಲ್ಲು ಕಿರಿಯುತ್ತಿದ್ದ. ಇವಳ ಊರಿಗೆ ಬರೀ ನೆರಳು.

ತೋಟದಲ್ಲಿ ಸೇಬು ಸುಕ್ಕಾಗತೊಡಗಿತ್ತು. ಈ ಸಲವೂ ಮಳೆ ಕೈಕೊಟ್ಟರೆ ತೋಪನ್ನು ತನ್ನ ಸೋದರಳಿಯನಿಗೆ ಕೊಡುವುದಾಗಿ ಊರಿನ ಕಾರ್ಯದರ್ಶಿ ಬಾಯ್ ಎಂಬಾತ ಹೇಳಿಬಿಟ್ಟಿದ್ದ. ಆ ಅಳಿಯನೋ, ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಗಂಡಸು! ಅತ್ತೆಯದು ಬೇರೆಯೇ ರಾಗ: ಸೊಸೆಯ ತವರಿನವರು ಒಂದು ಬೊಗಸೆ ನವಣೆ ಕಳಿಸಿದವರಲ್ಲ, ಈಗ ಮಳೆಗೂ ಕಲ್ಲು ಹಾಕುತ್ತಿದ್ದಾರೆ.

ಸಾಯ್‌ಶ್ಯಾಗೆ ಮೈಯೆಲ್ಲ ಉರಿಯಿತು. ಉರಿ ಇಳಿದ ಮೇಲೆ ಬುದ್ಧಿ ಓಡಿತು.

ಮೋಡದಲ್ಲಿ ನೀರಿಗೇನೂ ಬರವಿಲ್ಲ. ಕೊರೆಯುವ ಚಳಿಯಲ್ಲೂ ಹೆಪ್ಪುಗಟ್ಟದೆ ಹನಿಗಳು ಉಂಡಾಡಿಗಳಂತೆ ತೇಲುತ್ತಿರುತ್ತವೆ. ಗುಂಡು ಸಿಡಿದು ಬೆಳ್ಳಿಯ ಲವಣದ ಹೊಗೆ ಹರಡಿದರೆ ಹನಿಗಳು ಅದರ ಕಣಗಳಿಗೆ ಅಂಟಿ ಹಿಮದ ಹರಳಾಗಿ, ದಪ್ಪವಾಗಿ, ಕರಗುತ್ತ ಕೆಳಗೆ ಬೀಳುತ್ತವೆ. ಅದಕ್ಕೆ ಹೊತ್ತು ಹಿಡಿಯುತ್ತದೆ.

"ತೋಫು ಮಾಡೋಕೆ ಸೋಯಾ ಹಾಲಿಗೆ ಹುಳಿ ಬಿಟ್ಟಂಗೆ ಕಣೇ. ಬಿಟ್ಟ ತಕ್ಷಣ ಗಟ್ಟಿಯಾಗಲ್ಲ," ಎಂದು ಹೇಳಿಕೊಟ್ಟವನೇ ಅಪ್ಪ. ಅಷ್ಟರಲ್ಲಿ ಮೋಡ ಮುಂದಿನ ಊರು ಸೇರಿರುತ್ತದೆ. ಅದಕ್ಕೇ ಅವನು ಮೋಡ ದೂರದ ಗುಡ್ಡದ ಮೇಲಿರುವಾಗಲೇ ಹೊಡೆಯುತ್ತಿದ್ದ. ಇವಳು ಅಪ್ಪನ ಊರಿನತ್ತ ತೋಪಿನ ಮೂತಿ ತಿರುಗಿಸುವಂತಿಲ್ಲ. ಗುಂಡಿನ ಚೂರು ಬಿದ್ದರೆ ತಲೆ ಒಡೆದಾವು.

ಆದರೆ ಇನ್ನೊಂದು ಕಟ್ಟಳೆಯಿತ್ತು. ವಿಮಾನಕ್ಕೆ ಗುಂಡು ತಗುಲೀತೆಂಬ ಭಯಕ್ಕೆ, ಹೊಡೆಯುವ ಮುಂಚೆ ಹವಾಮಾನ ಕಚೇರಿಗೆ ಫೋನ್ ಮಾಡಿ ಅಪ್ಪಣೆ ಪಡೆಯಬೇಕು. ಒಬ್ಬರು ಪಡೆದರೆ, ಅವರು "ಮುಗೀತು" ಎನ್ನುವ ತನಕ ಪಕ್ಕದ ತೋಪಿಗೆ ಅಪ್ಪಣೆಯಿಲ್ಲ.

ಅಂದು ಮಧ್ಯಾಹ್ನ ಗುಡ್ಡದಾಚೆ ಕಪ್ಪಾಗುತ್ತಲೇ ಸಾಯ್‌ಶ್ಯಾ ಎಲ್ಲರಿಗಿಂತ ಮುಂಚೆ ಅಪ್ಪಣೆ ಪಡೆದಳು. ಪಡೆದು, ತೋಪಿನ ನೆರಳಿನಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿಯತೊಡಗಿದಳು. ಆಚೆ ದಂಡೆಯಲ್ಲಿ ಅಪ್ಪ ಬಾಲ ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದ. ಮೋಡ ಅವನ ನೆತ್ತಿಗೆ ಬಂದಾಗ ಇವಳು ಫೋನ್ ಎತ್ತಿ "ಮುಗೀತು" ಎಂದಳು. ಅವನ ಊರಿಗೆ ಊರೇ ಬಾಯಿಬಿಟ್ಟುಕೊಂಡು ನೋಡುತ್ತಿತ್ತು. ಸುಮ್ಮನಿದ್ದರೆ ಮಾನ ಹೋಗುತ್ತದೆ. ಅಪ್ಪಣೆ ಸಿಕ್ಕಿದ್ದೇ ಇದ್ದಬದ್ದ ಗುಂಡನ್ನೆಲ್ಲ ಹೊಡೆದ.

ಮೋಡ ನಿಧಾನಕ್ಕೆ ಕಣಿವೆ ದಾಟಿ ಬಂದು ಸಾಯ್‌ಶ್ಯಾಳ ಊರಿನ ಮೇಲೆ ಧೋ ಎಂದು ಸುರಿಯಿತು.

ಬಾಯ್ ನೆನೆಯುತ್ತಲೇ ಓಡಿಬಂದು ಪೆಟ್ಟಿಗೆ ತೆರೆದು ನೋಡಿದ. ಒಂದು ಗುಂಡೂ ಖರ್ಚಾಗಿರಲಿಲ್ಲ. ಅವಳ ಮುಖ ನೋಡಿದ, ಆಚೆ ದಂಡೆ ನೋಡಿದ. ತೋಪು ನಿನ್ನ ಹತ್ತಿರವೇ ಇರಲಿ ತಾಯಿ ಎಂದು ಪೆಟ್ಟಿಗೆ ಮುಚ್ಚಿದ.

ಫೋನ್ ಬಡಿದುಕೊಂಡಿತು. "ಕಳ್ಳಿ! ಗುಂಡು ನಂದು, ಮಳೆ ನಿಂದಾ?"

"ಮಗಳಿಗೆ ತವರಿಂದ ಒಂದು ಉಡುಗೊರೆ ಬೇಡ್ವೇನಪ್ಪ?"

ಆ ಕಡೆಯಿಂದ ಮುದುಕನ ನಗು ಕೇಳಿಸಿತು.

ಮನೆಯ ಹೊಸ್ತಿಲಲ್ಲಿ ಅತ್ತೆ ಮಳೆಗೆ ಅಂಗೈ ಒಡ್ಡಿ ನಿಂತಿದ್ದಳು. ಹನಿಗಳನ್ನು ಅತ್ತಿತ್ತ ಹೊರಳಿಸಿ ನೋಡಿ ಸೊಸೆಯನ್ನು ಕೇಳಿದಳು:

"ಇಷ್ಟೇನಾ ನಿಮ್ಮಪ್ಪ ಕಳ್ಸಿರೋದು?"